ಕರಿ ಮೆಹಂದಿ ಎಂಬ ಗಿಡ ಎಲ್ಲೂ ಬೆಳೆಯುವುದಿಲ್ಲ

ಮದರಂಗಿ ಕೆಂಪು. ಇದನ್ನು ತಿಳಿಯಲು ರಸಾಯನಶಾಸ್ತ್ರ ಓದಬೇಕಿಲ್ಲ, ಒಂದು ಮದುವೆ ಮನೆಗೆ ಹೋಗಿ ಬಂದರೆ ಸಾಕು. ಕೈ ಕೆಂಪೇರಿದಷ್ಟೂ ಗಂಡನ ಪ್ರೀತಿ ಹೆಚ್ಚು ಎಂದು ಮದುಮಗಳನ್ನು ಛೇಡಿಸುತ್ತಾರೆಯೇ ಹೊರತು ಕಪ್ಪೇರಲಿ ಎಂದು ಯಾರೂ ಹರಸುವುದಿಲ್ಲ. ಆ ಎಲೆಯಲ್ಲಿರುವ ಲಾಸೋನ್ ಎಂಬ ವಸ್ತು ಕೂದಲಿಗೆ ಕೊಡುವುದೂ ಕೆಂಗಂದು ಬಣ್ಣವನ್ನೇ. ಆದರೂ ಪುಣೆಯ ಸ್ವಾರಗೇಟ ಬಸ್ ನಿಲ್ದಾಣದ ಆಸುಪಾಸಿನ ಅಂಗಡಿಗಳಲ್ಲಿ ‘ಕಾಲಿ ಮೆಹಂದಿ’ ಸ್ಯಾಷೆಗಳು ತೋರಣದಂತೆ ತೂಗಾಡುತ್ತವೆ.

ಕೊಳ್ಳುವವರಲ್ಲಿ ಕನ್ನಡಿಗರೂ ಇದ್ದಾರೆ. ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ಕಟ್ಟಡ ಕೆಲಸ ಮಾಡುವವರು, ವಾಚ್‌ಮನ್‌ಗಳು, ಮನೆಗೆಲಸದವರು. ಇವರ ಪಾಲಿಗೆ ಡೈ ಶೋಕಿಯಲ್ಲ. ತಲೆ ನರೆತವನನ್ನು ಕೂಲಿಗೆ ಕರೆಯಲು ಮೇಸ್ತ್ರಿ ಹಿಂದೆಮುಂದೆ ನೋಡುತ್ತಾನೆ. ಕಪ್ಪು ಕೂದಲೆಂದರೆ ಅವರಿಗೆ ನಾಳೆಯ ಪಗಾರ. ಹಾಗಾಗಿ ‘ಡೈ ಹಚ್ಚಬೇಡಿ’ ಎಂಬ ಉಪದೇಶ ಇಲ್ಲಿ ನಡೆಯುವುದಿಲ್ಲ. ಯಾವುದನ್ನು ಹಚ್ಚುತ್ತಿದ್ದೇವೆ ಎಂಬುದು ಅವರಿಗೆ ತಿಳಿಯಬೇಕು, ಅಷ್ಟೇ.

ಬಣ್ಣಗಳು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಗಿಡದ್ದು. ಮದರಂಗಿ ಹಚ್ಚಿ ತೊಳೆದು, ಆಮೇಲೆ ನೀಲಿ ಗಿಡದ ಎಲೆಪುಡಿ ಹಚ್ಚಿದರೆ ಕೂದಲು ಕಪ್ಪಾಗುತ್ತದೆ. ಆದರೆ ಅದಕ್ಕೆ ಗಂಟೆಗಟ್ಟಲೆ ಬೇಕು. ಎರಡನೆಯದು ಕೂದಲ ಮೇಲ್ಮೈಗೆ ಅಂಟಿಕೊಂಡು ಕೆಲವು ಸ್ನಾನಗಳಲ್ಲಿ ಹೋಗಿಬಿಡುವ ಬಣ್ಣ. ನರೆಯನ್ನು ಅದು ಪೂರ್ತಿ ಮುಚ್ಚುವುದಿಲ್ಲ. ಮೂರನೆಯದು ಕಾಯಂ ಡೈ. ಅದರ ಸಣ್ಣ ಅಣುಗಳು ಕೂದಲ ಒಳಹೊಕ್ಕು, ಪೆರಾಕ್ಸೈಡ್ ಜೊತೆ ಸೇರಿ ದೊಡ್ಡ ಬಣ್ಣದ ಅಣುಗಳಾಗಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಕಪ್ಪು ಡೈಗಳಲ್ಲಿ ಈ ಕೆಲಸ ಮಾಡುವುದು ಹೆಚ್ಚಾಗಿ ಪ್ಯಾರಾ-ಫೆನಿಲೀನ್‌ಡೈಅಮೀನ್, ಚಿಕ್ಕದಾಗಿ ಪಿಪಿಡಿ. ಅರ್ಧ ಗಂಟೆಯೊಳಗೆ ಕಪ್ಪಾಗಿಸುವ ‘ಮೆಹಂದಿ’ಯಲ್ಲಿ ಎಲೆಯ ಜೊತೆ ಇಂಥದ್ದೇನೋ ಬೆರೆತಿದೆ ಎಂದೇ ತಿಳಿಯಬೇಕು. ‘ಅಮೋನಿಯಾ ಇಲ್ಲ’ ಎಂಬ ಬರಹಕ್ಕೂ ಮರುಳಾಗಬಾರದು. ಅಮೋನಿಯಾ ಕೂದಲ ಹೊರಪದರ ತೆರೆಯುವ ವಸ್ತು. ಅದು ಇಲ್ಲವೆಂದ ಮಾತ್ರಕ್ಕೆ ಪಿಪಿಡಿ ಇಲ್ಲವೆಂದಲ್ಲ.

ಪಿಪಿಡಿ ಬಹಳ ಜನಕ್ಕೆ ಒಗ್ಗುತ್ತದೆ, ನಿಜ. ಒಗ್ಗದವರಿಗೆ ತಲೆ ಉರಿದು, ಕಣ್ಣು ಮುಚ್ಚಿಹೋಗುವಷ್ಟು ಮುಖ ಬಾತುಕೊಳ್ಳುತ್ತದೆ. ‘ಹತ್ತು ವರ್ಷಾತು ಹಚ್ಚಾಕತ್ತೇನಿ, ಏನೂ ಆಗಿಲ್ಲ’ ಎನ್ನುವುದು ಖಾತರಿಯಲ್ಲ. ಹಲವು ಸಲ ಹಚ್ಚಿದ ಮೇಲೂ ಅಲರ್ಜಿ ಹುಟ್ಟಬಹುದು. ಒಮ್ಮೆ ಹುಟ್ಟಿದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಅಮೆರಿಕದ ಚರ್ಮವೈದ್ಯರ ಸಂಘವೊಂದು 2006ರಲ್ಲಿ ಪಿಪಿಡಿಯನ್ನು ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿದ್ದು ಸುಮ್ಮನೆ ಅಲ್ಲ.

ನಮ್ಮ ಕಾನೂನಿಗೂ ಇದು ಗೊತ್ತು. ಪಿಪಿಡಿ ಇರುವ ಡೈಗಳ ಒಳ, ಹೊರ ಲೇಬಲ್‌ಗಳೆರಡರಲ್ಲೂ ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆಗಳಲ್ಲಿ ಎಚ್ಚರಿಕೆ ಇರಬೇಕೆಂದು ನಿಯಮವಿದೆ. ಕಿವಿಯ ಹಿಂದೆಯೋ ಮುಂಗೈ ಒಳಬದಿಗೋ ತುಸು ಹಚ್ಚಿ 24 ಗಂಟೆ ಕಾಯಬೇಕು, ಪ್ರತಿ ಸಲವೂ. ಹುಬ್ಬಿಗೆ, ರೆಪ್ಪೆಗೆ ಹಚ್ಚಿದರೆ ಕುರುಡಾಗಬಹುದು. ಇಷ್ಟು ದೊಡ್ಡ ಮಾತನ್ನು ಅಂಗೈಯಗಲದ ಸ್ಯಾಷೆಯ ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಿಗೆ ಒಪ್ಪಿಸಿ, ಮುಂಬದಿಯನ್ನು ಎಲೆಯ ಚಿತ್ರಕ್ಕೆ ಬಿಟ್ಟುಕೊಡುವುದು ನಿಯಮ ಪಾಲನೆಯಲ್ಲ, ನಿಯಮದ ಅಣಕ.

ಇನ್ನು ‘ಸ್ಥಳೀಯ ಭಾಷೆ’. ಸ್ವಾರಗೇಟದಲ್ಲಿ ಅದು ಮರಾಠಿ. ಆದರೆ ತುರಿಕೆ ಆಗುವುದು ನೆಲಕ್ಕಲ್ಲ, ಮನುಷ್ಯನಿಗೆ. ಇದೇ ಸ್ವಾರಗೇಟದಲ್ಲಿ 2022ರ ಡಿಸೆಂಬರ್‌ನಲ್ಲಿ, ಗಡಿ ಜಗಳ ಕಾವೇರಿದ್ದಾಗ, ಕರ್ನಾಟಕದ ಬಸ್ಸುಗಳಿಗೆ ಬಣ್ಣ ಬಳಿದರು. ಇತ್ತ ಕರ್ನಾಟಕದಲ್ಲೂ ಬೋರ್ಡುಗಳಿಗೆ ಮಸಿ ಬಳಿಯುವವರಿಗೆ ಬರವಿಲ್ಲ. ಎರಡೂ ಕಡೆಯ ಭಾಷಾಭಿಮಾನಿಗಳು ಬಸ್ಸಿನ ಮೈಮೇಲಿನ ಅಕ್ಷರ ನೋಡುತ್ತಾರೆ. ಬಸ್ಸಿಳಿದವನ ಕೈಯಲ್ಲಿರುವ ಪೊಟ್ಟಣದ ಅಕ್ಷರ ಯಾರಿಗೂ ಬೇಡ. ಪುಣೆಯ ಕನ್ನಡಿಗನಿಗೂ ಬೆಂಗಳೂರಿನ ಮರಾಠಿಗನಿಗೂ ತಗಲುವ ಅನ್ಯಾಯ ಒಂದೇ.

ಇಷ್ಟೊಂದು ಭಾಷೆಗಳಿಗೆ ಜಾಗವೆಲ್ಲಿ ಎಂದು ಕಂಪನಿಗಳು ಕೇಳಬಹುದು. ಎಲೆಯ ಚಿತ್ರ ತೆಗೆಯಲಿ, ಜಾಗ ಸಿಗುತ್ತದೆ. ಕಿವಿಯ ಹಿಂದೆ ಒಂದು ಚುಕ್ಕೆ, ಪಕ್ಕದಲ್ಲಿ ಗಡಿಯಾರ: ಆ ಚಿತ್ರಕ್ಕೆ ಅನುವಾದವೇ ಬೇಡ. ಬರೆಯುವ ಸಾಲು ಕೂಡ ‘ಪ್ರಾಥಮಿಕ ಪರೀಕ್ಷೆಯನ್ನು ಕೈಗೊಳ್ಳತಕ್ಕದ್ದು’ ಎಂಬ ಕಚೇರಿ ಕನ್ನಡದಲ್ಲಿರಬಾರದು. ‘ಹಿಂದಿನ ದಿನವೇ ಕಿವಿ ಹಿಂದೆ ಹಚ್ಚಿ ನೋಡಿ’ ಎಂದರೆ ಮುಗಿಯಿತು. ಪಿಪಿಡಿ ಬೆರೆಸಿದ್ದಕ್ಕೆ ‘ಮೆಹಂದಿ’ ಎಂದು ಹೆಸರಿಡುವುದನ್ನಂತೂ ಸರ್ಕಾರ ನಿಲ್ಲಿಸಲೇಬೇಕು.

ಅಲ್ಲಿಯವರೆಗೆ ಕೊಳ್ಳುವವರು ಪೊಟ್ಟಣದ ಮುಂಬದಿಯನ್ನು ನಂಬದೆ ಹಿಂಬದಿ ತಿರುಗಿಸಬೇಕು. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳ ಕೈಯಲ್ಲಿ ಓದಿಸಬೇಕು. ಒಮ್ಮೆ ಬಾತುಕೊಂಡಿದ್ದರೆ ಇನ್ನೊಂದು ಬ್ರ್ಯಾಂಡ್ ಹುಡುಕದೆ ಚರ್ಮದ ಡಾಕ್ಟರನ್ನು ಕಾಣಬೇಕು.