ಹೊಟ್ಟೆಯ ಕಿಚ್ಚು

ಹೊಟ್ಟೆಕಿಚ್ಚೆಂಬ ಮಾತನ್ನು ಕನ್ನಡವು ಮತ್ಸರಕ್ಕೆ ಮೀಸಲಿಟ್ಟಿದೆ. ಆದರೆ ಅಕ್ಷರಶಃ ಹೊಟ್ಟೆಯೊಳಗೇ ಕಿಚ್ಚು ಹೊತ್ತಿಕೊಳ್ಳುವ ವ್ಯಾಧಿಯೊಂದುಂಟು. ಹದಿಹರೆಯದ ಹುಡುಗನೋ ಹುಡುಗಿಯೋ ತಿಂಗಳುಗಟ್ಟಲೆ ಭೇದಿ, ನೋವು, ಜ್ವರಗಳಿಂದ ಬಳಲಿ, ತಿಂದದ್ದು ಮೈಗೆ ಹತ್ತದೆ ಸೊರಗುವುದುಂಟು. ಮನೆಯ ಹಿರಿಯರು ಹೋಟೆಲಿನ ತಿಂಡಿಯನ್ನು ಶಪಿಸುತ್ತಾರೆ. ಓಮದ ಕಷಾಯವಾಗುತ್ತದೆ, ಮಜ್ಜಿಗೆ ಅನ್ನವಾಗುತ್ತದೆ. ವ್ಯಾಧಿ ಮಾತ್ರ ಜಗ್ಗುವುದಿಲ್ಲ. ೧೯೩೨ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಕ್ರೋನ್, ಗಿನ್ಜ್‌ಬರ್ಗ್, ಓಪನ್‌ಹೈಮರ್ ಎಂಬ ಮೂವರು ವೈದ್ಯರು ಸಣ್ಣಕರುಳಿನ ತುದಿಯಲ್ಲಿ ತೋರುವ ಇಂಥ ಉರಿಯೂತವನ್ನು ವಿವರವಾಗಿ ವರ್ಣಿಸಿದರು. ಅಕ್ಷರಮಾಲೆಯ ಕ್ರಮದಲ್ಲಿ ಮೊದಲು ನಿಂತದ್ದರಿಂದ ಕ್ರೋನರ ಹೆಸರೇ ರೋಗಕ್ಕೆ ಅಂಟಿತು. ಇಂಥ ಕೀರ್ತಿ ಯಾರಿಗೆ ಬೇಕೋ ತಿಳಿಯದು! ದೊಡ್ಡಕರುಳನ್ನಷ್ಟೇ ಹಿಡಿಯುವ ಅಲ್ಸರೇಟಿವ್ ಕೊಲೈಟಿಸ್ ಎಂಬುದು ಇದರ ದಾಯಾದಿ.

ಈ ಕಿಚ್ಚನ್ನು ಹಚ್ಚುವವರು ಯಾರು? ಕರುಳಿನೊಳಗೆ ಕೋಟಿ ಕೋಟಿ ಸೂಕ್ಷ್ಮಜೀವಿಗಳು ಸಂಸಾರ ಹೂಡಿವೆ. ಅವುಗಳಿಗೂ ದೇಹಕ್ಕೂ ನಡುವೆ ಇರುವ ಗೋಡೆ ಒಂದೇ ಜೀವಕೋಶದಷ್ಟು ದಪ್ಪ. ಗೋಡೆಯ ಹಿಂದೆ ರಕ್ಷಕ ಕಣಗಳ ದೊಡ್ಡ ಪಹರೆಯೇ ಉಂಟು. ಈ ಕಾವಲುಗಾರರು ಪರಸ್ಪರ ಮಾತನಾಡುವುದು ಸೈಟೊಕೈನ್‌ಗಳೆಂಬ ಸಣ್ಣ ಪ್ರೋಟೀನುಗಳ ಮೂಲಕ. ‘ಹೊಡೆ’ ಎನ್ನುವ ಸಂದೇಶಗಳು ಕೆಲವು, ‘ಸಾಕು’ ಎನ್ನುವವು ಕೆಲವು. ಆರೋಗ್ಯವಂತನಲ್ಲಿ ಎರಡೂ ಸಮಯವರಿತು ಹೊರಡುತ್ತವೆ. ಈ ರೋಗದಲ್ಲಾದರೋ ‘ಹೊಡೆ’ ಎಂಬ ಕೂಗು ನಿಲ್ಲುವುದೇ ಇಲ್ಲ. ಬೇಲಿಯೇ ಎದ್ದು ಹೊಲ ಮೇಯತೊಡಗುತ್ತದೆ.

‘ಸಾಕು’ ಎನ್ನುವ ದನಿಯ ಬೆಲೆ ತಿಳಿದದ್ದು ಇಲಿಗಳಿಂದ. ಇಂಟರ್‌ಲ್ಯೂಕಿನ್-೧೦ ಎಂಬ ಶಮನಕಾರಿ ಸಂದೇಶವನ್ನು ತಯಾರಿಸಲಾರದ ಇಲಿಗಳನ್ನು ಜರ್ಮನಿಯ ವಿಜ್ಞಾನಿಗಳು ಬೆಳೆಸಿದರು. ಅವುಗಳ ಕರುಳು ಉರಿಯೂತಕ್ಕೆ ತುತ್ತಾಯಿತೆಂಬ ವರದಿ ೧೯೯೩ರಲ್ಲಿ ಹೊರಬಂತು. ಸೂಕ್ಷ್ಮಜೀವಿಗಳೇ ಇಲ್ಲದ ನಿರ್ಮಲ ಪಂಜರದಲ್ಲಿಟ್ಟರೆ ಅಂಥ ಇಲಿಗಳಿಗೆ ರೋಗವಿಲ್ಲವೆಂಬುದು ಮುಂದೆ ಕಂಡಿತು. ೨೦೦೯ರಲ್ಲಿ ಮನುಷ್ಯರಲ್ಲಿಯೂ ಇದೇ ಸಂಗತಿ ಹೊರಬಿತ್ತು. ಎಳವೆಯಲ್ಲಿಯೇ ಭೀಕರ ಕರುಳುಬೇನೆಗೆ ಸಿಕ್ಕ ಕೆಲವು ಮಕ್ಕಳಲ್ಲಿ ಈ ಸಂದೇಶವನ್ನು ಕೇಳುವ ‘ಕಿವಿ’ಯೇ ಹುಟ್ಟಿನಿಂದ ಕೆಟ್ಟಿತ್ತು. ಅವರಲ್ಲೊಂದು ಮಗುವಿಗೆ ಬೇರೊಬ್ಬರ ರಕ್ತಮೂಲ ಕಣಗಳನ್ನು ಕಸಿಮಾಡಲು ರೋಗ ಶಮನವಾಯಿತು. ಹಾಗಾದರೆ ಎಲ್ಲ ರೋಗಿಗಳಿಗೂ ಇಂಟರ್‌ಲ್ಯೂಕಿನ್-೧೦ನ್ನು ಚುಚ್ಚಿದರಾಯಿತಲ್ಲ ಎಂದು ವಾಚಕರಿಗೆ ತೋರಬಹುದು. ಕ್ರೋನ್ ರೋಗಿಗಳಲ್ಲಿ ಅದನ್ನೂ ಪರೀಕ್ಷಿಸಿದ್ದುಂಟು. ಹೇಳಿಕೊಳ್ಳುವಂಥ ಫಲ ದೊರೆಯಲಿಲ್ಲ.

ಫಲ ಕೊಟ್ಟದ್ದು ‘ಹೊಡೆ’ ಎನ್ನುವ ಬಾಯನ್ನು ಕಟ್ಟುವ ಉಪಾಯ. ಆ ಬಾಯಿಗಳಲ್ಲಿ ಬಲು ಜೋರಿನದು ಟಿ.ಎನ್.ಎಫ್. ೧೯೭೫ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಇಲಿಗಳ ಮೈಯ ಗೆಡ್ಡೆಗಳನ್ನು ಕೊಲ್ಲುವ ಗುಣ ಕಂಡು, ಆ ಅರ್ಥದ ಹೆಸರನ್ನೇ ಅದಕ್ಕಿಟ್ಟಿದ್ದರು. ೧೯೬೪ರಲ್ಲಿ ಚೆಕೊಸ್ಲೊವಾಕಿಯವನ್ನು ತೊರೆದು ನ್ಯೂಯಾರ್ಕಿನಲ್ಲಿ ನೆಲೆಸಿದ ಯಾನ್ ವಿಲ್ಚೆಕ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಹಿಡಿದು ಕಟ್ಟಬಲ್ಲ ಪ್ರತಿಕಾಯವೊಂದನ್ನು ರೂಪಿಸಿದರು. ಅದರಿಂದ ಹುಟ್ಟಿದ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧವನ್ನು ಹಾಲೆಂಡಿನ ವೈದ್ಯರು ಬೇರಾವ ಮದ್ದಿಗೂ ಬಗ್ಗದ ಕ್ರೋನ್ ರೋಗದಿಂದ ನರಳುತ್ತಿದ್ದ ಬಾಲಕಿಯೊಬ್ಬಳಿಗೆ ಕೊಟ್ಟರು; ಆಕೆ ಚೇತರಿಸಿಕೊಂಡ ವೃತ್ತಾಂತ ೧೯೯೩ರಲ್ಲಿ ಪ್ರಕಟವಾಯಿತು. ೧೯೯೮ರಲ್ಲಿ ಅಮೆರಿಕದ ಸರಕಾರ ಔಷಧಕ್ಕೆ ಅನುಮತಿ ನೀಡಿತು. ಅನೇಕರಿಗೆ ಇದು ಪುನರ್ಜನ್ಮವೇ ಆಯಿತು. ಕೆಲವರಿಗೆ ನಾಟಲೇ ಇಲ್ಲ, ಮತ್ತೆ ಕೆಲವರಿಗೆ ಕ್ರಮೇಣ ನಾಟದಾಯಿತು.

ಆದರೆ ಕಾವಲುಗಾರನ ಬಾಯಿ ಕಟ್ಟಿದರೆ ಕಳ್ಳನಿಗೆ ಸುಗ್ಗಿಯಲ್ಲವೆ? ಕ್ಷಯದ ಕ್ರಿಮಿ ಎಷ್ಟೋ ಜನರ ದೇಹದಲ್ಲಿ ಸದ್ದಿಲ್ಲದೆ ಮಲಗಿರುತ್ತದೆ. ಅದರ ಸುತ್ತ ರಕ್ಷಕ ಕಣಗಳು ಕಟ್ಟಿದ ಕೋಟೆ ಕುಸಿಯದಂತೆ ಕಾಯುವುದು ಇದೇ ಟಿ.ಎನ್.ಎಫ್. ಇನ್‌ಫ್ಲಿಕ್ಸಿಮ್ಯಾಬ್ ಪಡೆದವರಲ್ಲಿ ೭೦ ಮಂದಿಗೆ ಕ್ಷಯ ತಲೆದೋರಿದ ವರದಿ ೨೦೦೧ರಲ್ಲಿ ಬಂತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ರೋಗ ಶ್ವಾಸಕೋಶದಾಚೆಗೂ ಹಬ್ಬಿತ್ತು.

ಭಾರತದ ವೈದ್ಯನ ಇಕ್ಕಟ್ಟು ಇಲ್ಲಿಯೇ. ಕರುಳಿನ ಕ್ಷಯವೂ ಕ್ರೋನ್ ರೋಗವೂ ಅವಳಿಗಳಂತೆ ಕಾಣುತ್ತವೆ: ಅದೇ ಸಣ್ಣಕರುಳಿನ ತುದಿ, ಅದೇ ಹುಣ್ಣು, ಅದೇ ಜ್ವರ, ಅದೇ ಸೊರಗು. ಕ್ಷಯವನ್ನು ಕ್ರೋನ್ ಎಂದು ಬಗೆದು ರಕ್ಷಣೆಯನ್ನು ಅಡಗಿಸಿದರೆ ಪ್ರಾಣಕ್ಕೇ ಸಂಚಕಾರ. ಕ್ರೋನನ್ನು ಕ್ಷಯವೆಂದು ಬಗೆದರೆ ತಿಂಗಳುಗಟ್ಟಲೆ ವ್ಯರ್ಥ ಔಷಧ, ಅತ್ತ ಕರುಳು ಕಿರಿದಾಗುತ್ತ ಹೋಗುತ್ತದೆ. ತುಣುಕು ತೆಗೆದು ಪರೀಕ್ಷಿಸಿದರೂ ಕ್ರಿಮಿ ಪ್ರತಿಬಾರಿ ಸಿಕ್ಕುವುದಿಲ್ಲ. ಆದ್ದರಿಂದ ನಿಶ್ಚಯವಾಗದಾಗ ಇಲ್ಲಿನ ವೈದ್ಯರು ಹಲವು ಬಾರಿ ಮೊದಲು ಕ್ಷಯದ ಮದ್ದು ಕೊಟ್ಟು, ಎರಡು ಮೂರು ತಿಂಗಳ ತರುವಾಯ ಕರುಳಿನೊಳಗೆ ನಳಿಕೆಯಿಳಿಸಿ ನೋಡುತ್ತಾರೆ. ಹುಣ್ಣು ಮಾಯುತ್ತಿದ್ದರೆ ಅದೇ ಮದ್ದು ಮುಂದುವರಿಯುತ್ತದೆ. ಮಾಯದಿದ್ದರೆ ಆಮೇಲೆ ಕ್ರೋನ್ ರೋಗದ ಚಿಕಿತ್ಸೆಯ ಮಾತು.