ಲೈಟು ಆಮೇಲೆ, ಮೊದಲು ಎಸ್‌ಎಂಪಿಎಸ್

ನಮ್ಮ ಹಾಸ್ಟೆಲ್‌ನಲ್ಲಿ ಯಾರಾದರೂ "ಮನೇಲಿ ಹಳೇ ಡೆಸ್ಕ್‌ಟಾಪ್ ಇದೆ, ಅಪ್‌ಗ್ರೇಡ್ ಮಾಡಬೇಕು" ಅಂದರೆ ಸಾಕು, ಐದು ನಿಮಿಷದಲ್ಲಿ ಹತ್ತು ಸಲಹೆ ಬರುತ್ತವೆ. ಅದರಲ್ಲಿ ಎಂಟು ಗಾಜಿನ ಕ್ಯಾಬಿನೆಟ್ ಮತ್ತು ಬಣ್ಣದ ಫ್ಯಾನ್ ಬಗ್ಗೆ. ಎಸ್‌ಎಂಪಿಎಸ್ ಯಾವುದು ಅಂತ ಕೇಳಿದರೆ, "ಕ್ಯಾಬಿನೆಟ್ ಜೊತೆ ಫ್ರೀ ಬರ್ತದಲ್ಲ" ಅನ್ನೋ ಉತ್ತರ.

ನನ್ನ ಪ್ರಕಾರ ನಾವು ಈ ಕೆಲಸವನ್ನ ಪೂರ್ತಿ ಉಲ್ಟಾ ಮಾಡ್ತಿದ್ದೀವಿ. ಹಳೇ ಪಿಸಿಗೆ ದುಡ್ಡು ಹಾಕೋದಾದರೆ ಮೊದಲು ಎಸ್‌ಎಂಪಿಎಸ್, ಆಮೇಲೆ ಗಾಳಿ, ಕೊನೆಗೆ ಡಬ್ಬಾ. ಅದಕ್ಕೂ ಮೊದಲು ಒಂದು ಬ್ರಷ್ ಹಿಡಿದು ಒಳಗೆ ಏನಾಗಿದೆ ಅಂತ ನೋಡಬೇಕು. ಇದನ್ನ ನಾನು ಓದಿ ಕಲಿತದ್ದಲ್ಲ. ಬೇರೆಯವರ ಮಷೀನ್ ಕೆಡಿಸಿ ಕಲಿತದ್ದು.

ಇಳಕಲ್‌ನಲ್ಲಿ ನಮ್ಮ ಕಾಕಾನ ಸೀರೆ ಅಂಗಡಿ ಇದೆ, ಹಿಂದೆ ಮಗ್ಗ. 2015ರಲ್ಲಿ ತಗೊಂಡ ನಾಲ್ಕನೇ ಜನರೇಶನ್ ಐ5 ಡೆಸ್ಕ್‌ಟಾಪ್‌ನಲ್ಲೇ ಬಿಲ್ಲು, ಲೆಕ್ಕ, ಜೊತೆಗೆ ದಡಿಯ ಡಿಸೈನ್. ಗೋಮಿ ದಡಿ, ಚಿಕ್ಕಿ ಪರಾಸ ಎಲ್ಲದರ ಗ್ರಾಫ್ ಅದರಲ್ಲಿ ಬರೆದಿಡ್ತಿದ್ದರು. ಫಸ್ಟ್ ಇಯರ್ ರಜೆಗೆ ಹೋದಾಗ ಕಾಕಾ ಕೇಳಿದರು: "ತಮ್ಮಾ, ಮಧ್ಯಾಹ್ನ ಆತಂದ್ರ ಇದು ತಾನ ಬಂದ್ ಆಗ್ತೈತಿ. ನೀ ಇಂಜಿನಿಯರಿಂಗ್ ಓದಾಕತ್ತಿ, ನೋಡಲ್ಲ ಸ್ವಲ್ಪ."

ನಾನು ನೋಡಿದೆ. ಅಂದರೆ ಹೊರಗಿಂದ ನೋಡಿದೆ. "ಕ್ಯಾಬಿನೆಟ್ ಹಳೇದಾಗೇತಿ ಕಾಕಾ, ಬದಲಿಸೋಣು" ಅಂದೆ. ಮುಂದೆ ಪೂರ್ತಿ ಗಾಜು, ನಾಲ್ಕು ಬಣ್ಣದ ಫ್ಯಾನ್, ಜೊತೆಗೆ ಫ್ರೀ ಎಸ್‌ಎಂಪಿಎಸ್. ಹಳೇ ಕಬ್ಬಿಣದ ಡಬ್ಬಾ ಅಟ್ಟಕ್ಕೆ ಹೋಯ್ತು. ಅಂಗಡಿಗೆ ಬಂದವರೆಲ್ಲ ಲೈಟು ನೋಡಿ ಹೊಗಳಿದರು. ಕಾಕಾ ಎಲ್ಲರಿಗೂ "ನಮ್ಮ ಹುಡುಗ ಮಾಡ್ಯಾನ" ಅಂತ ಹೇಳಿದರು.

ಏಪ್ರಿಲ್‌ನಲ್ಲಿ ಫೋನ್ ಬಂತು. ಕರೆಂಟ್ ಹೋಗಿ ಬಂದಾಗ ಒಳಗೆ 'ಟಪ್' ಅಂದಿತ್ತು, ಸುಟ್ಟ ವಾಸನೆ. ಎಸ್‌ಎಂಪಿಎಸ್ ಹೋಯ್ತು, ಹೋಗುವಾಗ ಹಾರ್ಡ್‌ಡಿಸ್ಕನ್ನೂ ಕರ್ಕೊಂಡು ಹೋಯ್ತು. ನಾಲ್ಕು ವರ್ಷದ ದಡಿ ಗ್ರಾಫ್. ಬ್ಯಾಕಪ್ ಇರಲಿಲ್ಲ. ಬ್ಯಾಕಪ್ ತಗೋಬೇಕು ಅಂತ ಹೇಳಬೇಕಾಗಿದ್ದವನೂ ನಾನೇ.

ಮಷೀನನ್ನ ಹುನಗುಂದದ ಒಂದು ಸಣ್ಣ ರಿಪೇರಿ ಅಂಗಡಿಗೆ ಒಯ್ದೆವು. ಅವರು ಎರಡು ವಿಷಯ ತೋರಿಸಿದರು. ಒಂದು, ಪ್ರೊಸೆಸರ್ ಮೇಲಿನ ಹೀಟ್‌ಸಿಂಕ್. ಮಗ್ಗದ ನೂಲಿನ ಎಳೆ, ಧೂಳು ಸೇರಿ ಅದರ ಸಂದುಗಳಲ್ಲಿ ಕಂಬಳಿ ಥರ ಕೂತಿತ್ತು. ಕೆಳಗಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಪುಡಿ ಆಗಿತ್ತು. ಮಧ್ಯಾಹ್ನ ಬಂದ್ ಆಗ್ತಿದ್ದಕ್ಕೆ ಅಸಲಿ ಕಾರಣ ಇದು. ಕ್ಯಾಬಿನೆಟ್ ಬದಲಿಸುವಾಗ ನಾನು ಅದನ್ನ ಹಂಗೇ ಎತ್ತಿ ಹೊಸ ಡಬ್ಬಾದಲ್ಲಿ ಇಟ್ಟಿದ್ದೆ! ಇನ್ನೂರು ಮುನ್ನೂರು ರೂಪಾಯಿ ಪೇಸ್ಟ್, ಒಂದು ಬ್ರಷ್, ಅರ್ಧ ಗಂಟೆ. ಇಷ್ಟರಲ್ಲಿ ಮುಗಿಯೋ ಕೆಲಸ.

ಎರಡನೇದು ಎಸ್‌ಎಂಪಿಎಸ್ ಮೇಲಿನ ಲೇಬಲ್. ದೊಡ್ಡ ಅಕ್ಷರದಲ್ಲಿ 500 ವಾಟ್. ಕೆಳಗಿನ ಸಣ್ಣ ಪಟ್ಟಿಯಲ್ಲಿ 12 ವೋಲ್ಟ್ ಎದುರಿಗೆ 16 ಆಂಪಿಯರ್. ಗುಣಿಸಿ ನೋಡಿ, 192 ವಾಟ್. ಇವತ್ತಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ ತಿನ್ನೋದು 12 ವೋಲ್ಟ್ ಲೈನಿಂದಲೇ. ಅಂದರೆ ಆ 500 ಬರೀ ಸ್ಟಿಕ್ಕರ್. ಬೇಸಿಕ್ ಎಲೆಕ್ಟ್ರಿಕಲ್ ಪಾಸಾಗಿದ್ದ ನನಗೆ ವೋಲ್ಟ್ ಇಂಟು ಆಂಪಿಯರ್ ಮಾಡೋಕೆ ಬೇರೆಯವರು ಹೇಳಬೇಕಾಯ್ತು.

ಈಗ ಕ್ರಮಕ್ಕೆ ಬರ್ತೀನಿ. ಎಸ್‌ಎಂಪಿಎಸ್ ಯಾಕೆ ಮೊದಲು? ಬೇರೆ ಭಾಗ ಕೆಟ್ಟರೆ ಅದಷ್ಟೇ ಕೆಡುತ್ತೆ. ಇದು ಕೆಟ್ಟರೆ ಜೊತೆಗಿರೋದನ್ನೂ ಕೆಡಿಸಬಹುದು. ಒಳ್ಳೆಯದರಲ್ಲಿ ವೋಲ್ಟೇಜ್ ಏರಿದಾಗ, ಶಾರ್ಟ್ ಆದಾಗ ತಾನೇ ಕಟ್ ಆಗುವ ರಕ್ಷಣೆ ಇರುತ್ತೆ. ತೀರಾ ಅಗ್ಗದ್ದರಲ್ಲಿ ಉಳಿಸೋದೇ ಅಲ್ಲಿ. ಇನ್ನೊಂದು, ಸೆಖೆ. ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಆಯುಷ್ಯ ಪ್ರತಿ 10 ಡಿಗ್ರಿ ಬಿಸಿ ಹೆಚ್ಚಾದಂತೆ ಸುಮಾರು ಅರ್ಧ ಆಗುತ್ತೆ ಅನ್ನೋದು ಎಲೆಕ್ಟ್ರಾನಿಕ್ಸ್‌ನ ಹಳೇ ಲೆಕ್ಕ. ಕೆಲವು ಕಂಪನಿ ತಮ್ಮ ವಾಟ್ ಲೆಕ್ಕ ಕೊಡೋದು 25 ಡಿಗ್ರಿಯಲ್ಲಿ, ಒಳ್ಳೆಯವು 40 ಅಥವಾ 50 ಡಿಗ್ರಿಯಲ್ಲಿ. ಬಾಗಲಕೋಟೆಯ ಏಪ್ರಿಲ್‌ನಲ್ಲಿ ಎಸಿ ಇಲ್ಲದ ರೂಮಿನೊಳಗೆ 25 ಡಿಗ್ರಿ ಎಲ್ಲಿಂದ ತರೋದು?

ಹಾಗಂತ 850 ವಾಟ್ ಬೇಕಾಗಿಲ್ಲ. ಕಾಕಾನಂಥ ಐ5ಗೆ 84 ವಾಟ್ ಟಿಡಿಪಿ. ಬೋರ್ಡ್, ಡಿಸ್ಕ್, ಫ್ಯಾನ್ ಸೇರಿ 150ರ ಒಳಗೆ. ಬೇರೆ ಪವರ್ ವೈರ್ ಬೇಡದ 75 ವಾಟ್‌ನ ಗ್ರಾಫಿಕ್ಸ್ ಕಾರ್ಡ್ ಹಾಕಿದರೂ 225. ಒಳ್ಳೆ ಕಂಪನಿಯ 450 ವಾಟ್, 80 ಪ್ಲಸ್ ಬ್ರಾಂಜ್ ಇದ್ದರೆ ಧಾರಾಳ. ನಮಗೆ ಬಿದ್ದದ್ದು ಮೂರು ಸಾವಿರದ ಆಸುಪಾಸು. ಯುಪಿಎಸ್ ಇದ್ದವರು ಇನ್ನೊಂದು ಗಮನಿಸಿ: ಆಕ್ಟಿವ್ ಪಿಎಫ್‌ಸಿ ಇರುವ ಕೆಲವು ಎಸ್‌ಎಂಪಿಎಸ್‌ಗಳು ಅಗ್ಗದ ಯುಪಿಎಸ್‌ನ ಚೌಕದ ವೇವ್‌ಗೆ ಹೊಂದಲ್ಲ. ಕರೆಂಟ್ ಹೋದ ಕ್ಷಣ ಪಿಸಿನೂ ಬಂದ್ ಆಗಬಹುದು. ಕೊಂಡ ದಿನವೇ ಮೇನ್ಸ್ ತೆಗೆದು ಪರೀಕ್ಷೆ ಮಾಡಿ.

ಅರ್ಥಿಂಗ್ ವಿಷಯ ಬಿಡಬೇಡಿ. ಬರಿಗಾಲಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಾ? ಅರ್ಥ್ ಇಲ್ಲದಾಗ ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ಡಬ್ಬಾದ ಮೇಲೆ ಮೇನ್ಸ್‌ನ ಸುಮಾರು ಅರ್ಧ ವೋಲ್ಟೇಜ್ ಬಂದು ಕೂರುತ್ತೆ. ಕರೆಂಟ್ ತೀರಾ ಕಡಿಮೆ ಇರೋದರಿಂದ ಜುಮ್ ಅಷ್ಟೇ. ಅದಕ್ಕೆ ಔಷಧ ಹೊಸ ಕ್ಯಾಬಿನೆಟ್ ಅಲ್ಲ, ಎಲೆಕ್ಟ್ರಿಷಿಯನ್. ಮತ್ತೆ ದಯವಿಟ್ಟು ಎಸ್‌ಎಂಪಿಎಸ್ ಬಿಚ್ಚಬೇಡಿ. 230 ವೋಲ್ಟ್ ರೆಕ್ಟಿಫೈ ಆದರೆ ಪೀಕ್ 325. ಪ್ಲಗ್ ತೆಗೆದ ಮೇಲೂ ಅದು ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಉಳಿದಿರಬಹುದು.

ಎರಡನೇದು ಗಾಳಿ. ಬಾದಾಮಿ ಹತ್ತಿರ ನಮ್ಮ ಅಜ್ಜಿ ಮನೆ ಹಳೇ ಮಾಳಿಗೆ ಮನೆ, ಮೇಲೆ ಬೆಳಕಿಂಡಿ. ಬೇಸಿಗೆಯಲ್ಲಿ ಅಜ್ಜಿ ಬಾಗಿಲೂ ತೆಗೀತಾಳೆ, ಬೆಳಕಿಂಡಿನೂ ತೆಗೀತಾಳೆ. ಒಂದನ್ನೇ ತೆಗೆದರೆ ಗಾಳಿ ಆಡಲ್ಲ ಅಂತ ಅವಳಿಗೆ ಯಾರೂ ಥರ್ಮೋಡೈನಾಮಿಕ್ಸ್ ಹೇಳಿಕೊಟ್ಟಿಲ್ಲ. ಪಿಸಿಗೂ ಅಷ್ಟೇ: ಮುಂದೆ ಕೆಳಗಿಂದ ತಂಪು ಒಳಗೆ, ಹಿಂದೆ ಮೇಲಿಂದ ಬಿಸಿ ಹೊರಗೆ. ನಾನು ತಂದ ಕ್ಯಾಬಿನೆಟ್‌ನಲ್ಲಿ ಮುಂದೆ ಪೂರ್ತಿ ಗಾಜು. ನಾಲ್ಕು ಫ್ಯಾನ್ ಅದೇ ಬಿಸಿ ಗಾಳಿಯನ್ನ ಒಳಗೊಳಗೇ ತಿರುಗಿಸ್ತಿದ್ದವು.

ಹಾಗಾಗಿ ಅಟ್ಟದ ಮೇಲಿನ ಹಳೇ ಡಬ್ಬಾನೇ ಇಳಿಸಿದೆವು. ಮುಂದೆ ಒಂದು, ಹಿಂದೆ ಒಂದು 120 ಎಂಎಂ ಫ್ಯಾನ್. ಮುಂದಿನದಕ್ಕೆ ಸೊಳ್ಳೆ ಜಾಲರಿ ಕತ್ತರಿಸಿ ಕಟ್ಟಿದೆವು, ನೂಲಿನ ಎಳೆ ಅಲ್ಲೇ ನಿಲ್ಲಲಿ ಅಂತ. ಜಾಲರಿಯನ್ನ ಹದಿನೈದು ದಿನಕ್ಕೊಮ್ಮೆ ಝಾಡಿಸಬೇಕು, ಇಲ್ಲಾಂದ್ರೆ ಅದೇ ಗಾಳಿ ತಡೆಯುತ್ತೆ. ಬ್ಲೋವರ್ ಹೊಡೆಯುವಾಗ ಫ್ಯಾನ್ ರೆಕ್ಕೆಯನ್ನ ಬೆರಳಲ್ಲಿ ಹಿಡೀರಿ, ಗಿರ್ರನೆ ತಿರುಗಿದರೆ ಬೇರಿಂಗ್ ಹಾಳು. ಹೊಸ ಪೇಸ್ಟ್ ಹಾಕಿದೆವು, ಮೂಲ ಕೂಲರ್ ಅದೇ ಉಳೀತು. ಲೋಡ್ ಕೊಟ್ಟು ನೋಡಿದಾಗ 68 ಡಿಗ್ರಿ. ಗಾಜಿನ ಡಬ್ಬಾದಲ್ಲಿ ನಾನು ಜನವರಿಯಲ್ಲಿ ನೋಡಿದ್ದಾಗಲೇ 96 ಇತ್ತು. 100ರ ಹತ್ತಿರ ಬಂದರೆ ಇಂಥ ಪ್ರೊಸೆಸರ್ ತಾನೇ ವೇಗ ಇಳಿಸುತ್ತೆ. ನಾವು ಅದಕ್ಕೆ "ಹಳೇದಾಯ್ತು, ಸ್ಲೋ ಆಯ್ತು" ಅಂತೀವಿ.

ಕ್ಯಾಬಿನೆಟ್ ಬಗ್ಗೆ ಒಂದೇ ಎಚ್ಚರಿಕೆ. ಆಫೀಸಿನಿಂದ ಬಂದ ಸೆಕೆಂಡ್ ಹ್ಯಾಂಡ್ ಬ್ರ್ಯಾಂಡೆಡ್ ಪಿಸಿ ಆದರೆ ಮೊದಲು ಬಿಚ್ಚಿ ನೋಡಿ. ಅನೇಕ ಮಾಡೆಲ್‌ಗಳಲ್ಲಿ 24 ಪಿನ್ ಕನೆಕ್ಟರ್ ಇರಲ್ಲ, ಸ್ಕ್ರೂ ತೂತುಗಳೂ ಬೇರೆ. ಹೊಸ ಕ್ಯಾಬಿನೆಟ್, ಎಸ್‌ಎಂಪಿಎಸ್ ತಂದ ಮೇಲೆ ಕೂರಲ್ಲ ಅಂದರೆ ಏನು ಮಾಡ್ತೀರಿ?

"ಹತ್ತು ವರ್ಷದ ಮಷೀನ್‌ಗೆ ಯಾಕೆ ಖರ್ಚು, ಹೊಸದೇ ತಗೊಳ್ಳಿ" ಅಂತ ನನ್ನ ರೂಮ್‌ಮೇಟ್ ವಾದ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು, ವಿಂಡೋಸ್ 11 ಅಧಿಕೃತವಾಗಿ ಈ ಪ್ರೊಸೆಸರ್ ಒಪ್ಪಲ್ಲ ಅಂತಾನೂ ಹೇಳ್ದ. ನಿಜ. ಮದರ್‌ಬೋರ್ಡ್‌ನ ಕೆಪಾಸಿಟರ್ ಉಬ್ಬಿದ್ದರೆ, ಅಥವಾ ನಿಮಗೆ ಬೇಕಾದ ಸಾಫ್ಟ್‌ವೇರ್ ಅದರಲ್ಲಿ ಓಡದೇ ಇದ್ದರೆ, ಒಂದು ರೂಪಾಯಿನೂ ಹಾಕಬೇಡಿ. ಆದರೆ ಬಿಲ್ಲು ಮತ್ತು ಗ್ರಾಫ್‌ಗೆ ಎಸ್‌ಎಸ್‌ಡಿ, ಲಿನಕ್ಸ್ ಸಾಕು. ಎಟಿಎಕ್ಸ್ ಅಳತೆ ಇಂಟೆಲ್ 1995ರಲ್ಲಿ ತಂದದ್ದು, ಇವತ್ತಿಗೂ ನಡೀತಿದೆ. ಹಾಗಾಗಿ ಇವತ್ತು ಕೊಂಡ ಒಳ್ಳೆ ಎಸ್‌ಎಂಪಿಎಸ್ ನಾಳಿನ ಹೊಸ ಮಷೀನ್‌ಗೂ ಆಗುತ್ತೆ. ಬಣ್ಣದ ಲೈಟಿನ ದುಡ್ಡು ವಾಪಸ್ ಬರಲ್ಲ.

ಕಾಕಾಗೆ ಎಸ್‌ಎಂಪಿಎಸ್ ಏನು ಮಾಡುತ್ತೆ ಅಂತ ವಿವರಿಸಿದಾಗ ಅವರು ಕೇಳಿ, "ಅಂದ್ರ ಕೊಂಡಿ ಇದ್ದಂಗ" ಅಂದರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸ್ತಾರೆ. ಉಟ್ಟಾಗ ಅದನ್ನ ಯಾರೂ ನೋಡಲ್ಲ, ಬಿಟ್ಟರೆ ಮಾತ್ರ ಸೀರೆನೇ ಇಲ್ಲ. ಅವರು ಒಂದು ದಿನವೂ ನನಗೆ ಬೈಯಲಿಲ್ಲ. ಕಳೆದುಹೋದ ಗ್ರಾಫ್‌ಗಳನ್ನ ಹಳೇ ಸೀರೆ ಎದುರಿಗೆ ಹಾಸಿಕೊಂಡು ಎಣಿಸಿ ಎಣಿಸಿ ಮತ್ತೆ ಬರೀತಿದ್ದಾರೆ. ಹೋದ ಸಲ ಹೋದಾಗ ನಾನೂ ಎರಡು ಬರೆದೆ. ಒಂದು ದಡಿಗೆ ಇಡೀ ಮಧ್ಯಾಹ್ನ ಬೇಕು.

ನಾವು ಫಸ್ಟ್ ಸೆಮ್ ಸೇರಿದ ದಿನದಿಂದ ಮನೆಯವರ ಕಣ್ಣಲ್ಲಿ ಇಂಜಿನಿಯರ್. ನಾವು ಬಾಯಿಗೆ ಬಂದದ್ದು ಹೇಳಿದರೂ ಅವರು ದುಡ್ಡು ಕೊಡ್ತಾರೆ. ಈ ರಜೆಗೆ ಊರಿಗೆ ಹೋದಾಗ ಯಾರಾದರೂ "ನೋಡಲ್ಲ ಸ್ವಲ್ಪ" ಅಂದರೆ, ಮೊದಲು ಪೆನ್‌ಡ್ರೈವ್‌ಗೆ ಬ್ಯಾಕಪ್ ತಗೊಳ್ಳಿ. ಆಮೇಲೆ ಪ್ಲಗ್ ತೆಗೆದು, ಪಕ್ಕದ ಬಾಗಿಲು ಬಿಚ್ಚಿ, ಒಳಗೆ ಟಾರ್ಚ್ ಹಾಕಿ. ಯಾವ ಕ್ಯಾಬಿನೆಟ್ ಅನ್ನೋ ಮಾತು ಅದಾದ ಮೇಲೆ.