ಬ್ಯಾಟರಿಯೊಡನೆ ಫೋನೂ ಸಾಯಬೇಕೆ?

ಮಾನ್ಯ ಸಂಪಾದಕರೇ,

ಹೊಸ ಫೋನುಗಳ ಜಾಹೀರಾತು ತಮ್ಮ ಪತ್ರಿಕೆಯ ಮುಖಪುಟವನ್ನೂ ಆವರಿಸುತ್ತಿರುವ ಈ ಕಾಲದಲ್ಲಿ, ಉಗುರಿನಿಂದ ಹಿಂಬದಿಯ ಮುಚ್ಚಳವನ್ನೆಬ್ಬಿಸಿ ಬ್ಯಾಟರಿ ಬದಲಿಸಬಹುದಾದ ನನ್ನ ಕೀಪ್ಯಾಡ್ ಫೋನು, ಗುಂಡಿಗಳ ಮೇಲಿನ ಅಂಕಿಗಳೆಲ್ಲ ಸವೆದಿದ್ದರೂ, ತನ್ನ ಕರ್ತವ್ಯದಲ್ಲಿ ಕಿಂಚಿತ್ತೂ ಲೋಪವೆಸಗಿಲ್ಲವೆಂದು ನಿವೇದಿಸಲಿಚ್ಛಿಸುತ್ತೇನೆ. ಲಿಥಿಯಂ ಬ್ಯಾಟರಿಯು ಕೆಲವು ನೂರು ಬಾರಿ ಚಾರ್ಜಾದ ತರುವಾಯ ಕ್ಷೀಣಿಸುವುದು ರಸಾಯನಶಾಸ್ತ್ರದ ನಿಯಮ. ಹೊಸ ಫೋನುಗಳಲ್ಲಿ ಅದನ್ನು ಅಂಟು ಹಾಕಿ ಒಳಗೆ ಬಂಧಿಸಿ, ಅದರ ಅವಸಾನವನ್ನೇ ಇಡೀ ಯಂತ್ರದ ಅವಸಾನವಾಗಿಸಿರುವುದು ಮಾತ್ರ ಕೇವಲ ವ್ಯಾಪಾರಬುದ್ಧಿ. (ನೀರು ಒಳನುಗ್ಗದಿರಲೆಂಬ ಸಮಜಾಯಿಷಿಯೂ ಉಂಟು, ಫೋನು ಹಿಡಿದು ಈಜುವವರೆಷ್ಟು ಮಂದಿ?) ಐರೋಪ್ಯ ಒಕ್ಕೂಟವು 2023ರಲ್ಲಿ ವಿಧಿಸಿದ ನಿಯಮದನ್ವಯ, ಕೆಲವು ವಿನಾಯಿತಿಗಳನ್ನುಳಿದು, 2027ರ ಫೆಬ್ರುವರಿಯಿಂದ ಅಲ್ಲಿ ಮಾರಾಟವಾಗುವ ಇಂತಹ ಉಪಕರಣಗಳ ಬ್ಯಾಟರಿಯನ್ನು ಬಳಕೆದಾರನೇ ಬದಲಿಸುವಂತಿರಬೇಕು. ನಮ್ಮ ಸರ್ಕಾರವೂ ಅಂತಹುದೇ ಶಾಸನವನ್ನು ವಿಳಂಬವಿಲ್ಲದೆ ತರಬೇಕೆಂದು ಪ್ರಾರ್ಥಿಸುತ್ತೇನೆ.

— ಓರ್ವ ಓದುಗ, ಧಾರವಾಡ